ಕನ್ನಡಕ ತೆಗೆದರೆ ಮಾತು ಯಾಕೆ ಸರಿಯಾಗಿ ಕೇಳಿಸಲ್ಲ?

ಪ್ರಶ್ನೆ: ಮೇಡಂ, ನಮ್ಮ ತಂದೆಗೆ 68 ವರ್ಷ. ಗದ್ದಲ ಇರುವ ಕಡೆ ಮಾತಾಡಿಸಿದರೆ "ತಡಿ, ಕನ್ನಡಕ ಹಾಕ್ಕೋತೀನಿ, ಆಮೇಲೆ ಹೇಳು" ಅಂತಾರೆ. ಹಾಕಿಕೊಂಡರೆ ಮಾತು ಚೆನ್ನಾಗಿ ಕೇಳಿಸುತ್ತದಂತೆ. ಹೀಗೂ ಇರುತ್ತಾ? ಸುಮ್ನೆ ಅವರಿಗೆ ಹಾಗನ್ನಿಸುತ್ತಾ?

ಉತ್ತರ (ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞೆ): ನಿಮ್ಮ ತಂದೆಯವರು ಹೇಳುವುದು ನಿಜ. ಮಾತು ಕೇಳುವಾಗ ನಾವೆಲ್ಲ ಎದುರಿನವರ ತುಟಿಯನ್ನೂ ನೋಡುತ್ತಿರುತ್ತೇವೆ, ನಮಗೆ ಅದರ ಅರಿವೇ ಇರುವುದಿಲ್ಲ. ಗದ್ದಲದಲ್ಲಿ 'ಕಾಲು' ಅಂದರೋ 'ಪಾಲು' ಅಂದರೋ ಕಿವಿಗೆ ಗೊತ್ತಾಗುವುದು ಕಷ್ಟ. ಆದರೆ 'ಪ' ಅನ್ನಬೇಕಾದರೆ ತುಟಿ ಮುಚ್ಚಲೇಬೇಕು, 'ಕ'ಗೆ ಮುಚ್ಚಬೇಕಿಲ್ಲ. ಕನ್ನಡಿ ಮುಂದೆ ಎರಡನ್ನೂ ಹೇಳಿ ನೋಡಿ. ಕಿವಿಗೆ ಸಿಗದ ಸುಳಿವು ಕಣ್ಣಿಗೆ ಸಿಗುತ್ತದೆ, ಮಿದುಳು ಎರಡನ್ನೂ ಸೇರಿಸಿ ಒಂದೇ ಮಾತಾಗಿ ಕೇಳಿಸುತ್ತದೆ.

1976ರಲ್ಲಿ ಮನೋವಿಜ್ಞಾನಿಗಳಾದ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಇದನ್ನು ಬಹಳ ಚೆಂದವಾಗಿ ತೋರಿಸಿದರು. 'ಗ' ಅನ್ನುತ್ತಿರುವ ಮುಖಕ್ಕೆ 'ಬ' ಅನ್ನುವ ದನಿ ಜೋಡಿಸಿದರು. ನೋಡಿದವರಲ್ಲಿ ಹೆಚ್ಚಿನವರಿಗೆ ಕೇಳಿಸಿದ್ದು 'ದ'! ಕಣ್ಣು ಮುಚ್ಚಿದರೆ ಮತ್ತೆ 'ಬ'. ಗುಟ್ಟು ಗೊತ್ತಿದ್ದರೂ ಕಣ್ಣು ತೆರೆದ ಕೂಡಲೇ ಪುನಃ 'ದ'. ಇವತ್ತಿಗೂ ನನಗೆ ಅತಿ ಇಷ್ಟದ ಪ್ರಯೋಗ ಇದು.

ಪ್ರಶ್ನೆ: ಹಾಗಾದರೆ ಯಾವಾಗಲೂ ಕಣ್ಣಿನದೇ ಮೇಲುಗೈನಾ?

ಉತ್ತರ: ಇಲ್ಲ. ಆ ಹೊತ್ತಿಗೆ ಯಾವುದು ಹೆಚ್ಚು ಸ್ಪಷ್ಟವೋ ಮಿದುಳು ಅದನ್ನು ಜಾಸ್ತಿ ನಂಬುತ್ತದೆ. ಟಿವಿಯ ಸ್ಪೀಕರ್ ಪಕ್ಕದಲ್ಲಿದ್ದರೂ ದನಿ ಪಾತ್ರದ ಬಾಯಿಂದಲೇ ಬಂದ ಹಾಗಿರುತ್ತದೆ ಅಲ್ವಾ? ಜಾಗ ಗುರುತಿಸುವುದರಲ್ಲಿ ಕಣ್ಣು ಚುರುಕು, ಅದಕ್ಕೇ ಹಾಗೆ. ಆದರೆ 2004ರಲ್ಲಿ ಡೇವಿಡ್ ಅಲೈಸ್ ಮತ್ತು ಡೇವಿಡ್ ಬರ್ ಎಂಬ ವಿಜ್ಞಾನಿಗಳು ಬೆಳಕಿನ ಚುಕ್ಕೆ ತೋರಿಸುತ್ತಾ ಜೊತೆಗೇ ಒಂದು ಶಬ್ದ ಕೇಳಿಸಿದರು. ಆ ಚುಕ್ಕೆಯನ್ನು ತೀರಾ ಮಸುಕು ಮಾಡಿದಾಗ ಲೆಕ್ಕ ತಿರುಗಿತು. ಆಗ ಕಿವಿ ಹೇಳಿದ ಕಡೆಯೇ ಚುಕ್ಕೆ ಇದ್ದಂತೆ ಕಂಡಿತು. ನಿಮ್ಮ ತಂದೆಯವರ ವಿಷಯವೂ ಇದೇ. ಗದ್ದಲ ಹೆಚ್ಚಿದಷ್ಟೂ ಕಿವಿಯ ಸುಳಿವು ಮಸುಕು, ಕಣ್ಣಿನದಕ್ಕೆ ಬೆಲೆ ಜಾಸ್ತಿ. ಕನ್ನಡಕ ಇಲ್ಲದಿದ್ದರೆ ಎರಡೂ ಮಸುಕು.

ಪ್ರಶ್ನೆ: ವಿಡಿಯೊದಲ್ಲಿ ದನಿ ತುಟಿಗಿಂತ ಮೊದಲೇ ಬಂದರೆ ತುಂಬಾ ಕಿರಿಕಿರಿ. ಸ್ವಲ್ಪ ತಡವಾದರೆ ಅಷ್ಟು ಗೊತ್ತಾಗಲ್ಲ. ಯಾಕೆ?

ಉತ್ತರ: ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ದೂರದವರ ದನಿ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿಯೇ ನಮಗೆ ಮುಟ್ಟುವುದು. ದನಿ ಹಿಂದೆ ಬೀಳುವುದು ಮಿದುಳಿಗೆ ರೂಢಿ. ಮುಂದೆ ಬರುವುದು ಹೊರಗಿನ ಲೋಕದಲ್ಲಿ ಆಗುವುದೇ ಇಲ್ಲ.

ಮೊದಲು ಕೇಳಿದವರಿಗೆ: ತಂದೆಯವರ ಜೊತೆ ಎದುರಿಗೆ ಕೂತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಮಾತಾಡಿ. ಬಾಯಿಗೆ ಕೈ ಅಡ್ಡ ಬೇಡ. ಗದ್ದಲದಲ್ಲಿ ತುಟಿಯನ್ನು ಇಷ್ಟು ನೆಚ್ಚಿಕೊಂಡಿದ್ದಾರೆ ಅಂದರೆ ಒಮ್ಮೆ ಶ್ರವಣ ಪರೀಕ್ಷೆಯನ್ನೂ ಮಾಡಿಸಿ.