ಅಪ್‌ಡೇಟ್: ಲೆಫೆವ್ರ್ ಮತ್ತು ಸ್ಪುಟ್ನಿಕ್, ಎರಡಕ್ಕೂ ಉತ್ತರ ಸಿಕ್ತು

ಹಿಂದಿನ ವಾರ ಎರಡು ಪ್ರಶ್ನೆ ಕೇಳಿದ್ದೆ. ಲೆಫೆವ್ರ್ (Lefebvre) ಅನ್ನೋ ಫ್ರೆಂಚ್ ಮನೆತನದ ಹೆಸರಿಗೆ ಅರ್ಥವೇನು? ಅದರ ಸ್ಪೆಲ್ಲಿಂಗ್‌ನಲ್ಲಿ ಉಚ್ಚಾರವೇ ಇಲ್ಲದ 'ಬಿ' ಯಾಕೆ? ಜೊತೆಗೆ ರಷ್ಯನ್ನಿನ ಸ್ಪುಟ್ನಿಕ್ ಅನ್ನೋ ಪದ ಎಲ್ಲಿಂದ ಬಂತು? ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಲೆಫೆವ್ರ್ ಅಂದರೆ ಕಮ್ಮಾರ, ಅಷ್ಟೇ. 'ಲೆ' ಅನ್ನೋದು ಇಂಗ್ಲಿಷಿನ 'ದಿ' ಇದ್ದ ಹಾಗೆ. 'ಫೆವ್ರ್' ಲ್ಯಾಟಿನ್ನಿನ 'ಫಾಬೆರ್' ಸವೆದು ಆದದ್ದು. ಮಾತಿನಲ್ಲಿ 'ಬ' ಹೋಗಿ 'ವ' ಆಗಿತ್ತು. ಬರೆಯುವ ಗುಮಾಸ್ತರಿಗೆ ಲ್ಯಾಟಿನ್ ಮೇಲೆ ಮೋಹ ನೋಡಿ, ಬಿಟ್ಟುಹೋದ 'ಬಿ'ಯನ್ನು ಕಾಗದದ ಮೇಲೆ ವಾಪಸ್ ತಂದು ಕೂರಿಸಿದರು! ಆಗ ಯು, ವಿ ಎರಡಕ್ಕೂ ಒಂದೇ ಅಕ್ಷರ ಬೇರೆ. ಹಾಗಾಗಿ ಕೆಲವರು ಅದನ್ನೇ ಲೆಫೆಬ್ಯೂರ್ ಅಂತ ಓದಿದರು, ಅದೂ ಒಂದು ಮನೆತನದ ಹೆಸರಾಯ್ತು. ದಕ್ಷಿಣ ಫ್ರಾನ್ಸಿನ ಫಾಬ್ರ್, ಫೋರ್ ಕೂಡ ಇದೇ ಕಮ್ಮಾರರು. ಫ್ರಾನ್ಸಿನದೇ ವಾಯವ್ಯ ಭಾಗವಾದ ಬ್ರಿಟನಿಯಲ್ಲಿ ಮಾತ್ರ ಲೆ ಗಾಫ್. ಅದು ಬ್ರೆಟನ್ ಭಾಷೆಯದು, ಬೇರೇ ಮೂಲ.

ಸ್ಪುಟ್ನಿಕ್ ಇನ್ನೂ ಸುಲಭ. 'ಸ್' ಅಂದರೆ ಜೊತೆ, 'ಪುತ್' ಅಂದರೆ ದಾರಿ, 'ನಿಕ್' ಅಂದರೆ ನಮ್ಮ '-ಗಾರ' ಥರ. ಒಟ್ಟಿನಲ್ಲಿ ಸಹಪಯಣಿಗ. 1957ರ ಅಕ್ಟೋಬರ್ 4ರಂದು ಆ ಹೆಸರಿನ ಉಪಗ್ರಹ ಹಾರಿಸುವ ಮುಂಚೆಯೂ ಈ ಪದ ಬಳಕೆಯಲ್ಲಿತ್ತು. ಚಂದ್ರನೂ ಭೂಮಿಯ ಸ್ಪುಟ್ನಿಕ್ಕೇ! ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಆ 'ಪುತ್'. ನಾವು ಸಂಸ್ಕೃತದಿಂದ ತಗೊಂಡ 'ಪಥ'ಕ್ಕೂ ಅದಕ್ಕೂ ಬೇರು ಒಂದೇ ಅಂತೆ.

ಈಗ ಕುಜ್ನೆತ್ಸೊವ್ ಬಗ್ಗೆ ಓದ್ತಿದ್ದೇನೆ. ರಷ್ಯಾದಲ್ಲಿ ಕಮ್ಮಾರರ ಮನೆತನಕ್ಕೆ ಆ ಹೆಸರು.