ಹತ್ತನೆಯ ತರಗತಿಯ ಮಕ್ಕಳ ಮನಸ್ಸು ನೋಡಿಕೊಳ್ಳುವವರು ಯಾರು? ಕಲಬುರಗಿ, ಬೀದರ್, ಯಾದಗಿರಿಯವರ ಚರ್ಚೆ

ಚಿತ್ತಾಪುರದ ತಾಯಿ: ಮಗಳ ಶಾಲೆಯಲ್ಲಿ ಕಿರುಪರೀಕ್ಷೆಯ ಅಂಕ ನೋಡಿ ಹತ್ತನೆಯ ತರಗತಿಯನ್ನು ಮೂರು ಗುಂಪು ಮಾಡಿದ್ದಾರೆ. ಕೊನೆಯ ಗುಂಪಿನ ಹೆಸರುಗಳನ್ನು ಸೂಚನಾ ಫಲಕಕ್ಕೆ ಅಂಟಿಸಿದ್ದಾರೆ. ಅಂದಿನಿಂದ ಅವಳು ಸರಿಯಾಗಿ ಉಣ್ಣುತ್ತಿಲ್ಲ, ಶಾಲೆಯ ಹೊತ್ತಾದರೆ ಹೊಟ್ಟೆನೋವು ಎನ್ನುತ್ತಾಳೆ. ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ಕೊಟ್ಟ ಮಾರ್ಗಸೂಚಿಯಂತೆ ನೂರು ಮತ್ತು ಅದಕ್ಕಿಂತ ಹೆಚ್ಚು ಮಕ್ಕಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು. ಅಂಕದ ಮೇಲೆ ಮಕ್ಕಳನ್ನು ವಿಂಗಡಿಸುವುದು, ಎಲ್ಲರೆದುರು ಅವಮಾನಿಸುವುದು ಆದಷ್ಟೂ ಕೂಡದು ಎಂದೂ ಅದರಲ್ಲಿದೆ. ನಮ್ಮ ಭಾಗದ ಯಾವ ಪ್ರೌಢಶಾಲೆಯಲ್ಲಿ ಅಂಥವರಿದ್ದಾರೆ, ಹೇಳಿ.

ಸೇಡಂ ಗಣಿತ ಶಿಕ್ಷಕ: ಅಕ್ಕಾ, ‘ವಿಂಗಡಿಸುವುದು’ ಅಪರಾಧವೆಂಬಂತೆ ಬರೆದಿದ್ದೀರಿ. 2025ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43, ರಾಜ್ಯಕ್ಕೇ ಕೊನೆ. ಭಾಗಾಕಾರ ಬಾರದ ಹುಡುಗನಿಗೂ ತ್ರಿಕೋನಮಿತಿ ಬಲ್ಲ ಹುಡುಗಿಗೂ ಒಂದೇ ಪಾಠ ಮಾಡಿದರೆ ಇಬ್ಬರೂ ಕೆಡುತ್ತಾರೆ. ವಿಷಯ ಶಿಕ್ಷಕರ ಹುದ್ದೆಗಳೇ ಖಾಲಿ ಬಿದ್ದಿವೆ. ಮೊದಲು ಅವನ್ನು ತುಂಬಲಿ.

ಶಹಾಪುರ ವಕೀಲ: ‘ರಾಜ್ಯಕ್ಕೇ ಕೊನೆ’ ಆದದ್ದು ಖಾಲಿ ಹುದ್ದೆಯಿಂದಲ್ಲ ಸರ್. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕೊಠಡಿಯ ಕ್ಯಾಮೆರಾ ದೃಶ್ಯವನ್ನು ಅಧಿಕಾರಿಗಳು ನೇರವಾಗಿ ನೋಡುವ ವ್ಯವಸ್ಥೆ ಬಂತು. ನಮ್ಮ ಯಾದಗಿರಿ ಜಿಲ್ಲೆಯ ಫಲಿತಾಂಶ 2023ರ ಶೇ 75.49ರಿಂದ 2024ರಲ್ಲಿ ಶೇ 50.59ಕ್ಕೆ ಕುಸಿಯಿತು. ಒಂದೇ ವರ್ಷದಲ್ಲಿ ಶಿಕ್ಷಕರೆಲ್ಲ ಊರು ಬಿಟ್ಟರೇ? ನಕಲು ನಿಂತಿತು, ಅಷ್ಟೇ.

ಸೇಡಂ ಗಣಿತ ಶಿಕ್ಷಕ: ನಕಲು ನಕಲು ಎಂದು ಈ ಭಾಗದ ಮಕ್ಕಳ ಮೇಲೆ ಎಷ್ಟು ವರ್ಷ ಮಸಿ ಬಳಿಯುತ್ತೀರಿ? ವೆಬ್‌ಕಾಸ್ಟಿಂಗ್ ಇಲ್ಲದ 2023ರಲ್ಲೂ ಯಾದಗಿರಿಯೇ ಕೊನೆಯಲ್ಲಿತ್ತು. 2024ರಲ್ಲಿ ರಾಜ್ಯದ ಫಲಿತಾಂಶವೂ ಶೇ 83.89ರಿಂದ 73.40ಕ್ಕೆ ಇಳಿಯಿತು. ರಾಜ್ಯದವರೆಲ್ಲ ಕಳ್ಳರೇ?

ಶಹಾಪುರ ವಕೀಲ: ಮಸಿ ಬಳಿದವನು ನಾನಲ್ಲ. ರಾಜ್ಯ ಹತ್ತು ಇಳಿದರೆ ಯಾದಗಿರಿ ಇಪ್ಪತ್ತೈದು ಇಳಿದದ್ದೇಕೆ? ಅದೂ ಕೃಪಾಂಕ ಹೆಚ್ಚಿಸಿದ ವರ್ಷದಲ್ಲಿ. ಈ ವ್ಯತ್ಯಾಸಕ್ಕೆ ಉತ್ತರ ಕೊಡಿ.

ಭಾಲ್ಕಿ ಹುಡುಗ: ಆ 2024ರಲ್ಲಿ ಪರೀಕ್ಷೆ ಬರೆದವನು ನಾನು. ನಕಲು ಮಾಡಲಿಲ್ಲ, ಆದರೂ ಗೋಡೆಯ ಮೇಲಿನ ಕ್ಯಾಮೆರಾ ನೋಡುತ್ತ ಕುಳಿತು ಬರುತ್ತಿದ್ದ ಉತ್ತರವನ್ನೂ ಮರೆತೆ. ಗಣಿತದಲ್ಲಿ ಫೇಲಾದೆ. ಆ ವರ್ಷ ಮತ್ತೆ ಬರೆಯಲು ಪರೀಕ್ಷೆ-2, ಪರೀಕ್ಷೆ-3 ಎಂಬ ಅವಕಾಶಗಳಿವೆ ಎಂದು ಕೂರಿಸಿಕೊಂಡು ಹೇಳುವವರು ಶಾಲೆಯಲ್ಲಿ ಒಬ್ಬರೂ ಇರಲಿಲ್ಲ. ಹಲವು ದಿನ ಮನೆಯಿಂದ ಹೊರಗೇ ಬರಲಿಲ್ಲ.

ಶಹಾಪುರ ವಕೀಲ: ಕ್ಯಾಮೆರಾಕ್ಕೆ ಹೆದರುವುದೇಕೆ ತಮ್ಮಾ? ಓದಿದವನಿಗೆ ಭಯವಿರಬಾರದು.

ಹುಮನಾಬಾದ್ ನರ್ಸ್: ‘ಭಯವಿರಬಾರದು’ ಎಂದು ಆದೇಶ ಹೊರಡಿಸಿದರೆ ಭಯ ಹೋಗುತ್ತದೆಯೇ? ವಕೀಲರು ಆ ಹುಡುಗ ಬರೆದ ಕೊನೆಯ ಸಾಲನ್ನು ಇನ್ನೊಮ್ಮೆ ಓದಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್ ಇದೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವಿದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಹಗಲುರಾತ್ರಿ ಕನ್ನಡದಲ್ಲೇ ಉಚಿತವಾಗಿ ಮಾತನಾಡುತ್ತಾರೆ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು. ಇದು ಹುಡುಗಾಟದ ಮಾತಲ್ಲ.

ಶಹಾಪುರ ವಕೀಲ: ಆ ಶೇ 7.3 ನಮ್ಮದಲ್ಲ. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕವೇ ಇರಲಿಲ್ಲ. ಮೇಲಾಗಿ ಮಹಾನಗರಗಳಲ್ಲಿ ಶೇ 13.5 ಇದ್ದದ್ದು ಹಳ್ಳಿಗಳಲ್ಲಿ ಶೇ 6.9. ಇದು ದೊಡ್ಡ ಪಟ್ಟಣಗಳ ಕಾಯಿಲೆ.

ಹುಮನಾಬಾದ್ ನರ್ಸ್: ಶೇ 6.9 ಎಂದರೆ ನೂರು ಮಕ್ಕಳಿರುವ ಶಾಲೆಯಲ್ಲಿ ಏಳು ಮಕ್ಕಳು! ಏಳು ಮಕ್ಕಳಿಗೆ ಜ್ವರ ಬಂದರೆ ಸುಮ್ಮನಿರುತ್ತೀರಾ? ಚಿಂಚೋಳಿಯ ಕಡೆಯ ತಾಂಡಾಗಳಿಗೆ ಬಂದು ನೋಡಿ. ತಂದೆತಾಯಿ ಮುಂಬೈ, ಪುಣೆ, ಹೈದರಾಬಾದ್‌ಗೆ ದುಡಿಯಲು ಹೋಗಿರುತ್ತಾರೆ, ಮಕ್ಕಳು ಅಜ್ಜಿಯ ಬಳಿಯಲ್ಲೋ ಹಾಸ್ಟೆಲಿನಲ್ಲೋ ಇರುತ್ತಾರೆ. ಆ ಮಕ್ಕಳು ಅತ್ತರೆ ಕೇಳುವವರಿಲ್ಲ. ನಿಮಗೆ ಕ್ಯಾಮೆರಾದ ಚಿಂತೆ.

ಸೇಡಂ ಗಣಿತ ಶಿಕ್ಷಕ: ‘ಕೇಳುವವರಿಲ್ಲ’ ಎಂದರೆ ನಾವು ಯಾರು? ಅನ್ನದ ಲೆಕ್ಕ, ಮೊಟ್ಟೆಯ ಲೆಕ್ಕ, ಚುನಾವಣೆ ಎಲ್ಲವೂ ನಮ್ಮ ಹೆಗಲಿಗೆ. 2025ರ ದಸರಾ ರಜೆಯಲ್ಲಿ ಜಾತಿ ಸಮೀಕ್ಷೆಗೆ ಮನೆಮನೆ ಅಲೆದೆವು. ಶಾಲೆಗೆ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳು ಎಂಬ ಕೇಂದ್ರದ ಯೋಜನೆಯೂ ಇದೆ. ಮಗುವಿನ ಜೊತೆ ಕುಳಿತು ಮಾತನಾಡಲು ವೇಳಾಪಟ್ಟಿಯಲ್ಲಿ ಒಂದು ಅವಧಿ ಕೊಡಿ, ಮಾಡುತ್ತೇವೆ.

ಭಾಲ್ಕಿ ಹುಡುಗ: ಸರ್, ಅಂಕ ಹಾಕುವವರ ಮುಂದೆಯೇ ಮನಸ್ಸು ಬಿಚ್ಚಿಡಲು ಆಗುವುದಿಲ್ಲ. ಹೊರಗಿನವರೇ ಬೇಕು.

ಶಹಾಪುರ ವಕೀಲ: ಯಾದಗಿರಿ ಇಪ್ಪತ್ತೈದು ಇಳಿದದ್ದರ ಲೆಕ್ಕ ಇನ್ನೂ ಬಂದಿಲ್ಲ.

ಚಿತ್ತಾಪುರದ ತಾಯಿ: ಆ ಲೆಕ್ಕ ನಾನು ಕೇಳಿರಲಿಲ್ಲ ವಕೀಲರೇ. ಫಲಕದ ಮೇಲಿನ ಪಟ್ಟಿಯ ಬಗ್ಗೆ ಕೇಳಿದೆ, ಆಪ್ತಸಮಾಲೋಚಕರ ಬಗ್ಗೆ ಕೇಳಿದೆ. ಇಷ್ಟು ಜನ ಬರೆದರೂ ಒಂದು ಶಾಲೆಯ ಹೆಸರು ಬರಲಿಲ್ಲ. ಶಾಲೆಯ ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ತೀರ್ಪಿನ ಪ್ರತಿ ಹಿಡಿದು ಹೋಗುತ್ತೇನೆ. ನರ್ಸ್ ಅಕ್ಕಾ, ಈ ಮಂಗಳವಾರ ಮಗಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರೆ ಮೊದಲು ಯಾರನ್ನು ಕೇಳಬೇಕು?

ಹುಮನಾಬಾದ್ ನರ್ಸ್: ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ, ಮನೋವೈದ್ಯರು ಬರುವ ದಿನವೇ ಎಂದು ಕೇಳಿ. ಅಲ್ಲಿಯವರೆಗೆ ಕಾಯಬೇಡಿ, ಇವತ್ತೇ 14416ಕ್ಕೆ ಕರೆ ಮಾಡಿ. ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಸೇಡಂ ಗಣಿತ ಶಿಕ್ಷಕ: ಪಟ್ಟಿ ಫಲಕದ ಮೇಲೆ ಬೇಡವೆಂದರೆ ಬೇಡ, ಸಿಬ್ಬಂದಿ ಕೊಠಡಿಯಲ್ಲಿರಲಿ. ಗುಂಪು ಮಾಡುವುದನ್ನು ಮಾತ್ರ ನಾನು ಬಿಡುವುದಿಲ್ಲ.