ಮಕ್ಕಳ ಕೈಯಲ್ಲಿ ಗ್ರೀಟಿಂಗ್ ಕಾರ್ಡ್ ಮಾಡಿಸಿದವರು ಹೇಳಿ: ಯಾವ ಕಾಗದ, ಯಾವ ಅಂಟು?

ಮುಂಬೈ ಹತ್ತಿರದ ಡೊಂಬಿವಲಿಯಿಂದ ಕೇಳಿದ್ದು:

ನಮಸ್ಕಾರ. ನಾವು ಕೆಲವರು ಸೇರಿ ಭಾನುವಾರ ಮಕ್ಕಳಿಗೆ ಕನ್ನಡ ಓದಲು, ಬರೆಯಲು ಕಲಿಸುತ್ತೇವೆ. 8ರಿಂದ 13 ವಯಸ್ಸಿನ ಮಕ್ಕಳು. ಈ ಸಲ ಅವರ ಕೈಯಲ್ಲೇ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಕಾರ್ಡ್ ಮಾಡಿಸಬೇಕು ಅಂತ ಆಸೆ. ಕೆಲವು ಬಿಲ್ಡಿಂಗಿನ ಅಕ್ಕಪಕ್ಕದವರಿಗೆ, ಉಳಿದವು ಊರಲ್ಲಿರುವ ಅಜ್ಜ ಅಜ್ಜಿಗೆ, ಅಂಚೆಯಲ್ಲಿ. ಸುಮಾರು 60 ಬೇಕು. ಕತ್ತರಿ, ಸ್ಕೇಲು, ಫೆವಿಕಾಲ್ ಬಿಟ್ಟರೆ ನಮ್ಮ ಹತ್ತಿರ ಬೇರೆ ಸಾಮಾನಿಲ್ಲ. ವಿಡಿಯೊ ನೋಡಿದರೆ ಒಂದೊಂದು ಕಾರ್ಡಿಗೂ ಅರ್ಧ ದಿನ ಹಿಡಿಯುತ್ತದೆ ಅನ್ನಿಸುತ್ತದೆ. ಮಾಡಿಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಪುಣೆ, ಸದಾಶಿವ ಪೇಠೆಯಿಂದ:

ಮೇಡಂ, ನಾನು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡಿದವನು. ಅಲಂಕಾರ ಆಮೇಲೆ, ಮೊದಲು ಕಾಗದ ನೋಡೋಣ.

ಅಂಗಡಿಯಲ್ಲಿ ಸುಮ್ನೆ ‘ದಪ್ಪ ಕಾಗದ ಕೊಡಿ’ ಅನ್ನಬೇಡಿ, ಜಿಎಸ್‌ಎಂ ಕೇಳಿ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಝೆರಾಕ್ಸ್ ಕಾಗದ 70–80 ಇರುತ್ತದೆ. ಕಾರ್ಡಿಗೆ 220ರಿಂದ 250 ಸಾಕು. 300 ತಂದರೆ ಗಟ್ಟಿಯೇನೋ ಹೌದು, ಆದರೆ 8 ವರ್ಷದ ಮಗುವಿನ ಕತ್ತರಿ ಅದರಲ್ಲಿ ಓಡುವುದಿಲ್ಲ.

ಇನ್ನೊಂದು ವಿಷಯ ಯಾವ ವಿಡಿಯೊದವರೂ ಹೇಳುವುದಿಲ್ಲ. ಕಾಗದಕ್ಕೆ ಒಂದು ದಿಕ್ಕು ಇದೆ. ಮಿಲ್ಲಿನಲ್ಲಿ ಕಾಗದ ಓಡುವ ದಿಕ್ಕಿಗೇ ನಾರು ಮಲಗಿಕೊಳ್ಳುತ್ತದೆ. ನಾವು ಅದಕ್ಕೆ ಗ್ರೇನ್ ಅನ್ನುತ್ತೇವೆ. ಗ್ರೇನಿನ ಉದ್ದಕ್ಕೆ ಮಡಚಿದರೆ ಮಡಿಕೆ ನೀಟಾಗಿ ಕೂರುತ್ತದೆ, ಅಡ್ಡಕ್ಕೆ ಮಡಚಿದರೆ ಬಿರಿದು ಬಿಳಿ ಗೆರೆ ಕಾಣುತ್ತದೆ. ಎ4 ಹಾಳೆಯಲ್ಲಿ ಸಾಮಾನ್ಯವಾಗಿ ಗ್ರೇನ್ ಉದ್ದದ ಕಡೆಗೇ ಇರುತ್ತದೆ. ಹಾಗಾಗಿ ಇಡೀ ಎ4 ಅನ್ನು ನಡುವೆ ಮಡಚಿ ದೊಡ್ಡ ಕಾರ್ಡ್ ಮಾಡಿದರೆ ಮಡಿಕೆ ಗ್ರೇನಿಗೆ ಅಡ್ಡ ಬೀಳುತ್ತದೆ. ಅದೇ ಎ4 ಅನ್ನು ಮೊದಲು ಎರಡು ತುಂಡು ಮಾಡಿ, ಪ್ರತಿ ತುಂಡನ್ನು ಮತ್ತೆ ನಡುವೆ ಮಡಚಿ. ಈಗ ಮಡಿಕೆ ಗ್ರೇನಿನ ಜೊತೆಗೇ ಹೋಗುತ್ತದೆ. ಕಾರ್ಡ್ 14.8 × 10.5 ಸೆಂಟಿಮೀಟರ್ ಆಗುತ್ತದೆ, ಕೈಗೆ ಹಿಡಿಯಲು ಚೆನ್ನ. 60 ಕಾರ್ಡಿಗೆ 30 ಹಾಳೆ. ಕೆಡುವುದಕ್ಕೆ ಅಂತ ನಾಲ್ಕೈದು ಜಾಸ್ತಿ ತನ್ನಿ. ಕತ್ತರಿಸುವ ಕೆಲಸ ಮಕ್ಕಳಿಗೆ ಕೊಡಬೇಡಿ, ಹತ್ತಿರದ ಯಾವುದಾದರೂ ಪ್ರೆಸ್ಸಿನ ಕಟಿಂಗ್ ಮೆಷಿನ್ನಿನಲ್ಲಿ ಒಂದೇ ಏಟಿಗೆ ಆಗುತ್ತದೆ.

ಮಡಚುವ ಮುಂಚೆ ಗೀಟು ಹಾಕಬೇಕು. ಇಂಕು ಮುಗಿದ ಬಾಲ್‌ಪೆನ್ ಇದೆಯಲ್ಲ, ಅದನ್ನು ಎಸೆಯಬೇಡಿ. ಕೆಳಗೆ ಹಳೆಯ ಪತ್ರಿಕೆ ಹಾಸಿ, ಸ್ಕೇಲು ಇಟ್ಟು, ಖಾಲಿ ಪೆನ್ನಿನಿಂದ ಒತ್ತಿ ಒಂದು ಗೆರೆ ಎಳೆಯಿರಿ. ಕಾಗದದಲ್ಲಿ ಸಣ್ಣ ಕಾಲುವೆ ಬೀಳುತ್ತದೆ. ಕಾಲುವೆಯ ಉಬ್ಬು ಒಳಗೆ ಬರುವ ಹಾಗೆ ಮಡಚಬೇಕು. ಎಲ್ಲರೂ ಉಲ್ಟಾ ಮಡಚುತ್ತಾರೆ. ಆಮೇಲೆ ಸ್ಟೀಲ್ ಚಮಚದ ಬೆನ್ನಿನಿಂದ ಒಮ್ಮೆ ತೀಡಿ.

ಪುಣೆಗೆ ಬರುವವರಿದ್ದರೆ ಅಪ್ಪಾ ಬಳವಂತ ಚೌಕದಲ್ಲಿ ಕಾಗದ ತರಿಸಿಕೊಳ್ಳಿ. ಕೈಯಿಂದ ಮಾಡಿದ ಕಾಗದವೇ ಬೇಕು ಅಂದರೆ ಶಿವಾಜಿನಗರದಲ್ಲಿ 1940ರಲ್ಲಿ ಶುರುವಾದ ಹ್ಯಾಂಡ್‌ಮೇಡ್ ಪೇಪರ್ ಇನ್‌ಸ್ಟಿಟ್ಯೂಟ್ ಇದೆ. ಆದರೆ ಅಂಥ ಕಾಗದ ಮಕ್ಕಳ ಕ್ಲಾಸಿಗೆ ದುಬಾರಿ, ಇಂಕೂ ಹರಡುತ್ತದೆ.

ಮುಂಬೈ, ಮಾಟುಂಗಾದಿಂದ:

ಅಕ್ಕಾ, ಮುಂಬೈಯಲ್ಲೇ ಕೊಳ್ಳುವುದಾದರೆ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್. ಸಿಎಸ್‌ಎಂಟಿ ರೈಲ್ವೆ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಹೋಗಬಹುದು. ಭಾನುವಾರ ಬೇಡ, ಅಂಗಡಿ ಹೆಚ್ಚಿನವು ಮುಚ್ಚಿರುತ್ತವೆ. ಅಲ್ಲಿ ಬಣ್ಣದ ಹಾಳೆಗೆ ಟಿಂಟೆಡ್ ಪೇಪರ್ ಅಂತ ಕೇಳಿ.

ಅದಕ್ಕೂ ಮೊದಲು ಮನೆಯ ಕಪಾಟು ತೆಗೆಯಿರಿ. ನಮ್ಮವರ ಮನೆಯಲ್ಲಿ ಮದುವೆ ಕಾಗದ ಎಸೆಯುವವರು ಯಾರು ಹೇಳಿ? ಅದರ ಹೊದಿಕೆಯಲ್ಲಿ ಎಂಥಾ ಮಿನುಗು ಕಾಗದ ಇರುತ್ತದೆ, ಬಂಗಾರದ ಅಂಚು, ಉಬ್ಬು ಬಳ್ಳಿ! ನಾನು ಗಣಪತಿ ಚಿತ್ರ ಮತ್ತು ಹೆಸರು ಇರುವ ಭಾಗವನ್ನು ಬೇರೆ ತೆಗೆದಿಟ್ಟು, ಉಳಿದದ್ದನ್ನು ಮಕ್ಕಳಿಗೆ ಕೊಟ್ಟುಬಿಡುತ್ತೇನೆ. ಒಂದೇ ಮದುವೆಯ ಎರಡು ಕಾಗದ ಸಿಕ್ಕರೆ ಹತ್ತು ಕಾರ್ಡಿನ ಅಂಚಿಗೆ ಆಗುತ್ತದೆ.

ಕ್ವಿಲ್ಲಿಂಗ್, ಅಂದರೆ ಕಾಗದದ ಸಣ್ಣ ಪಟ್ಟಿ ಸುತ್ತಿ ಅಂಟಿಸುವ ಅಲಂಕಾರ, ಅದರ ಬಗ್ಗೆ ಎರಡು ಮಾತು. 3 ಮಿಲಿಮೀಟರ್ ಅಗಲದ ಪಟ್ಟಿ ಕಾರ್ಡಿಗೆ ಸರಿ. ಟೂತ್‌ಪಿಕ್ಕಿನ ತುದಿಯನ್ನು ಬ್ಲೇಡಿನಿಂದ ಸೀಳಿದರೆ ಅದೇ ಸುತ್ತುವ ಕಡ್ಡಿ. ಸುತ್ತಿದ್ದನ್ನು ಸ್ವಲ್ಪ ಸಡಿಲ ಬಿಟ್ಟು ಒಂದು ಕಡೆ ಚಿವುಟಿದರೆ ಹನಿ, ಎರಡೂ ಕಡೆ ಚಿವುಟಿದರೆ ಎಲೆ. ಈ ಎರಡರಲ್ಲೇ ಹೂವು, ಬಳ್ಳಿ, ಕ್ರಿಸ್‌ಮಸ್ ಮರ ಎಲ್ಲ ಆಗುತ್ತದೆ. ಆದರೆ ಅಂಚೆಗೆ ಹಾಕುವ ಕಾರ್ಡಿಗೆ ಮಾತ್ರ ಬೇಡವೇ ಬೇಡ. ಠಸ್ಸೆ ಬಿದ್ದ ಏಟಿಗೆ ಹೂವು ಅಪ್ಪಚ್ಚಿ. ಬಿಲ್ಡಿಂಗಿನಲ್ಲಿ ಕೈಯಾರೆ ಕೊಡುವವಕ್ಕೆ ಮಾಡಿ.

ಗ್ಲಿಟರ್ ಪುಡಿ ಯಾರಾದರೂ ತಂದರೆ ವಾಪಸ್ ಕಳಿಸಿ. ಸಂಕ್ರಾಂತಿ ತನಕ ಊಟದ ತಟ್ಟೆಯಲ್ಲಿ ಸಿಗುತ್ತದೆ.

ಗೋವಾ, ವಾಸ್ಕೋದಿಂದ:

ನಮ್ಮ ಕಡೆ ಡಿಸೆಂಬರ್ ಬಂತೆಂದರೆ ಮನೆ ಮನೆಯ ಬಾಗಿಲಲ್ಲೂ ಕಾಗದದ ನಕ್ಷತ್ರ ತೂಗುತ್ತದೆ, ಒಳಗೆ ಬಲ್ಬು. ನಾವು ಅದನ್ನೇ ಕಾರ್ಡಿಗೆ ಇಳಿಸಿಕೊಂಡಿದ್ದೇವೆ. ಕಾರ್ಡಿನ ಮುಂದಿನ ಮುಖದಲ್ಲಿ ನಕ್ಷತ್ರದ ಆಕಾರ ಕೊರೆದು, ಒಳಗಿನಿಂದ ಗಾಳಿಪಟದ ತೆಳು ಕಾಗದ ಅಂಟಿಸುವುದು. ಬೆಳಕಿಗೆ ಹಿಡಿದರೆ ಕೆಂಪೋ ಹಳದಿಯೋ ಹೊಳೆಯುತ್ತದೆ. ತೂಕವಿಲ್ಲ, ಉಬ್ಬಿಲ್ಲ, ಅಂಚೆಗೂ ಸರಿ.

ಕಟ್ಟರ್ ಹಿಡಿಯುವುದು ದೊಡ್ಡವರೇ. ನಕ್ಷತ್ರದ ಚೂಪು ತುದಿಯಿಂದ ಶುರು ಮಾಡಿ ಒಳಗಿನ ಮೂಲೆಯ ಕಡೆಗೆ ಎಳೆಯಿರಿ. ತುದಿಯ ಕಡೆಗೆ ಎಳೆದರೆ ಬ್ಲೇಡು ಗೆರೆ ದಾಟಿ ಕಾರ್ಡೇ ಸೀಳುತ್ತದೆ.

ಪಕ್ಕದ ಕ್ರಿಶ್ಚಿಯನ್ನರ ಮನೆಗೆ ಕೊಡುವುದಾದರೆ ಸಾಂತಾಗಿಂತ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆ) ಚಿತ್ರ ಚೆಂದ ಅಂತ ನನ್ನ ಅಭಿಪ್ರಾಯ. ಹತ್ತಿ ಗಡ್ಡದ ಸಾಂತಾ ಎಲ್ಲ ಅಂಗಡಿಯಲ್ಲೂ ಸಿಗುತ್ತಾನೆ.

ಡೊಂಬಿವಲಿಯಿಂದ ಮತ್ತೆ:

ತುಂಬಾ ಧನ್ಯವಾದ. ಗೋದಲಿ ಅಂದಾಗ ನೆನಪಾಯಿತು, ತೆರೆದರೆ ಎದ್ದು ನಿಲ್ಲುವ ಕಾರ್ಡ್ ಮಕ್ಕಳಿಗೆ ಬೇಕಂತೆ. ಅದು ಕಷ್ಟವಾ?

ಠಾಣೆಯಿಂದ, ನಿವೃತ್ತ ಡ್ರಾಯಿಂಗ್ ಟೀಚರ್:

ಕಷ್ಟವಿಲ್ಲಮ್ಮ, ಒಂದು ಲೆಕ್ಕ ಗೊತ್ತಿದ್ದರೆ ಸಾಕು. 150 ಜಿಎಸ್‌ಎಂ ಹಾಳೆಯನ್ನು ಕಾರ್ಡಿನ ಅಳತೆಗೇ ಕತ್ತರಿಸಿ ಮಡಚಿಸಿ. ಮಡಿಕೆಯ ಕಡೆಯಿಂದ ಒಳಕ್ಕೆ 3 ಸೆಂಟಿಮೀಟರ್ ಉದ್ದದ ಎರಡು ಸೀಳು, ನಡುವೆ 2 ಸೆಂಟಿಮೀಟರ್ ಬಿಟ್ಟು. ಬಿಡಿಸಿ, ಆ ಪಟ್ಟಿಯನ್ನು ಬೆರಳಿನಿಂದ ಒಳಕ್ಕೆ ತಳ್ಳಿ ಮಡಚಿದರೆ ಪುಟ್ಟ ಮೆಟ್ಟಿಲು ಎದ್ದು ನಿಲ್ಲುತ್ತದೆ. ಅದರ ಎದುರು ಮುಖಕ್ಕೆ ಚಿತ್ರ ಅಂಟಿಸಿ.

ಲೆಕ್ಕ ಏನೆಂದರೆ, ಕಾರ್ಡ್ ಮುಚ್ಚಿದಾಗ ಮೆಟ್ಟಿಲಿನ ತುದಿ ಮಡಿಕೆಯಿಂದ ಸೀಳಿನ ಎರಡು ಪಟ್ಟು ದೂರ ಹೋಗುತ್ತದೆ. ಅಂದರೆ 6 ಸೆಂಟಿಮೀಟರ್. ನಿಮ್ಮ ಕಾರ್ಡಿನ ಅಗಲ 10.5. ಹಾಗಾಗಿ ಸೀಳು 5 ದಾಟಿದರೆ ಮುಚ್ಚಿದ ಕಾರ್ಡಿನಿಂದ ಹೊರಗೆ ಇಣುಕುತ್ತದೆ. ಅಂಟಿಸುವ ಚಿತ್ರದ ಎತ್ತರ ಬುಡದಿಂದ 7 ಸೆಂಟಿಮೀಟರ್ ಒಳಗಿರಲಿ. ದೊಡ್ಡ ಮಕ್ಕಳು ಇದನ್ನು ತಾವೇ ಸ್ಕೇಲು ಹಿಡಿದು ಕಂಡುಕೊಳ್ಳುತ್ತಾರೆ, ನೀವು ಹೇಳಿಕೊಡದಿದ್ದರೆ ಇನ್ನೂ ಒಳ್ಳೆಯದು.

ಈ ಹಾಳೆಯನ್ನು ಹೊರಗಿನ ಕಾರ್ಡಿಗೆ ಅಂಟಿಸುವಾಗ ಮೆಟ್ಟಿಲಿನ ಹಿಂದೆ ಅಂಟು ತಾಗಬಾರದು, ತಾಗಿದರೆ ಏಳುವುದೇ ಇಲ್ಲ. ಫೆವಿಕಾಲಿನಲ್ಲಿ ನೀರಿದೆ, ಬಳಿದರೆ ಕಾಗದ ಸುಕ್ಕಾಗುತ್ತದೆ. ದೊಡ್ಡ ಜಾಗಕ್ಕೆ ಗ್ಲೂ ಸ್ಟಿಕ್ ಅಥವಾ ಎರಡು ಬದಿಯ ಟೇಪು. ಫೆವಿಕಾಲ್ ಸಣ್ಣ ತುಂಡುಗಳಿಗೆ ಮಾತ್ರ, ಅದೂ ಕಡ್ಡಿಯ ತುದಿಯಲ್ಲಿ ಒಂದು ಚುಕ್ಕಿ. ರಾತ್ರಿ ದಪ್ಪ ಪುಸ್ತಕದ ಕೆಳಗೆ ಇಡಿ. ಎದ್ದು ನಿಲ್ಲುವ ಭಾಗ ಮುಚ್ಚಿಯೇ ಇರಲಿ.

ಇನ್ನೊಂದು ಮಾತು. ನಿಮ್ಮದು ಕನ್ನಡ ಕ್ಲಾಸು, ಅಲ್ವಾ? ಹಾಗಿದ್ದರೆ ಅಕ್ಷರವನ್ನೇ ಅಲಂಕಾರ ಮಾಡಿ. ಅಕ್ಷರವನ್ನು ಕಾರ್ಡಿನಲ್ಲಿ ಕೊರೆಯಲು ಹೋಗಬೇಡಿ. ದುಂಡಗಿನ ‘ರ’ ಕೊರೆದರೆ ನಡುವಿನ ಬಿಲ್ಲೆ ಉದುರಿ ಬರೀ ತೂತು ಉಳಿಯುತ್ತದೆ. ಬಣ್ಣದ ಹಾಳೆಯಲ್ಲಿ ದಪ್ಪಗೆ ಬರೆದು, ಕತ್ತರಿಸಿ, ಅಂಟಿಸಿ. ಒಳಗೆ ಮಕ್ಕಳು ಎರಡು ಸಾಲು ಸ್ವಂತ ಬರೆಯಲಿ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮೊದಲ ಕ್ರಿಸ್‌ಮಸ್ ಕಾರ್ಡ್ ಅಚ್ಚು ಹಾಕಿಸಿದ್ದೇ ಎಲ್ಲರಿಗೂ ಪತ್ರ ಬರೆಯಲು ಪುರುಸೊತ್ತಿಲ್ಲ ಅಂತ. ನಿಮ್ಮ ಮಕ್ಕಳಿಗೆ ಆ ತಾಪತ್ರಯ ಇನ್ನೂ ಬಂದಿಲ್ಲ. ಕಾಗುಣಿತ ತಪ್ಪಿದ್ದರೆ ದಯಮಾಡಿ ಕೆಂಪು ಪೆನ್ನು ಹಿಡಿಯಬೇಡಿ, ಅಜ್ಜಿ ಓದಿಕೊಳ್ಳುತ್ತಾರೆ.

ಪುಣೆ, ಪಿಂಪ್ರಿಯಿಂದ:

ಅಂಚೆ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ಸಾಮಾನ್ಯ ಪತ್ರಕ್ಕೆ 20 ಗ್ರಾಂ ವರೆಗೆ 5 ರೂಪಾಯಿ ಸ್ಟಾಂಪು. ಮೇಲಿನ ಅಳತೆಯ 250 ಜಿಎಸ್‌ಎಂ ಕಾರ್ಡ್ 8 ಗ್ರಾಂ ಹತ್ತಿರ ಬರುತ್ತದೆ, ಎದ್ದು ನಿಲ್ಲುವ ಒಳಹಾಳೆ ಸೇರಿಸಿದರೆ ಇನ್ನೊಂದು 5. ಲಕೋಟೆ ಹಾಕಿದರೂ 20ರ ಒಳಗೇ. ಇಡೀ ಎ4 ಕಾರ್ಡಾದರೆ ಬರೀ ಕಾಗದವೇ 15 ಗ್ರಾಂ ದಾಟುತ್ತದೆ, ಲಕೋಟೆ ಸೇರಿ ಮಿತಿ ಮೀರಿದರೆ 10 ರೂಪಾಯಿ. ಒಂದನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿ, ಇಲ್ಲವೇ ಅಂಚೆ ಕಚೇರಿಯಲ್ಲೇ ತೂಗಿಸಿ. ಸ್ಟಾಂಪು ಕಡಿಮೆಯಾದರೆ ದಂಡ ಕಟ್ಟುವುದು ಊರಲ್ಲಿರುವ ಅಜ್ಜ.

ವಿಳಾಸದಲ್ಲಿ ಪಿನ್‌ಕೋಡು, ತಾಲ್ಲೂಕು, ಜಿಲ್ಲೆ ಬರೆಸಿ. ಕನ್ನಡದಲ್ಲೇ ಬರೆದರೂ ರಾಜ್ಯ ಮತ್ತು ಪಿನ್ ಇಂಗ್ಲಿಷಿನಲ್ಲೂ ಇರಲಿ, ಇಲ್ಲಿ ವಿಂಗಡಿಸುವವರಿಗೆ ಅನುಕೂಲ. ಡಿಸೆಂಬರ್ 20ರ ಒಳಗೆ ಡಬ್ಬಕ್ಕೆ ಹಾಕಿದರೆ ನೆಮ್ಮದಿ. ಮುಗಿಯದೆ ಉಳಿದ ಕಾರ್ಡುಗಳ ಮೇಲೆ ಅದೇ ಗಾಳಿಪಟದ ಕಾಗದದಿಂದ ಪುಟ್ಟ ಪಟ ಅಂಟಿಸಿ, ಒಳಗೆ ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಅಂತ ಬರೆಸಿ. ಸಂಕ್ರಾಂತಿಗೆ ತಿಳಗುಳ (ಎಳ್ಳು ಬೆಲ್ಲದ ಉಂಡೆ) ಹಂಚುವ ಇಲ್ಲಿಯ ಮರಾಠಿ ಮನೆಗಳಿಗೂ ಕೊಡಬಹುದು, ಜನವರಿ 14ರ ವರೆಗೆ ಟೈಮ್ ಸಿಗುತ್ತದೆ. ಕುಸುರೆಳ್ಳನ್ನು ಮಾತ್ರ ಲಕೋಟೆಯೊಳಗೆ ಹಾಕಲು ಬಿಡಬೇಡಿ, ಇರುವೆ ಮೊದಲು ಓದುತ್ತದೆ.